ಹವೀಜದ ಅರ್ಧ ಹೊಲ

ನೀಲಮ್ಮನವರು ಅಂಗಳದಲ್ಲಿ ಕೂತು ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ತಿಕ್ಕುತ್ತಿದ್ದರು. ಸಗಣಿ ಸಾರಿಸಿದ ನೆಲದ ಮೇಲೆ ಒಂದು ಹಿಡಿ ಕಾಳು ಹರಡುವುದು, ತೊಗಲಿನ ಚಪ್ಪಲಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹಿಂದೆ ಮುಂದೆ ಎಳೆಯುವುದು, ಕರಕರ ಸದ್ದು ನಿಂತ ಮೇಲೆ ಮೊರಕ್ಕೆ ಬಳಿದುಕೊಳ್ಳುವುದು. ನನಗೆ ಬಾಡಿಗೆ ಕೋಣೆ ಕೊಡುವ ಮುಂಚೆ ಮೀನು, ಮೊಟ್ಟೆ ಹೊಸ್ತಿಲು ದಾಟುವುದಿಲ್ಲ ಎಂದು ಮೂರು ಸಲ ಮಾತು ತೆಗೆದುಕೊಂಡ ಮನೆ ಅದು. ಲಿಂಗಪೂಜೆ ಮುಗಿಯದೆ ನೀರನ್ನೂ ಮುಟ್ಟದ ಹೆಂಗಸು ತಿನ್ನುವ ಕಾಳಿನ ಮೇಲೆ ಚಪ್ಪಲಿ ಆಡಿಸುತ್ತಿದ್ದರು. ನಾನು ಕೈಯಲ್ಲಿ ಚೊಂಬು ಹಿಡಿದು ನಿಂತೇಬಿಟ್ಟೆ.

“ಹಂಗ್ಯಾಕೆ ನೋಡ್ತೀರಿ ಮೇಷ್ಟ್ರೆ? ಇದು ಯಾರೂ ಮೆಟ್ಟಿದ ಕೆರ ಅಲ್ಲ. ಹವೀಜ ಒಡೆಯೋಕೆ ಅಂತಾನೇ ನಮ್ಮತ್ತೆ ಇಟ್ಟಿದ್ದು” ಎಂದರು.

ಕೆರ ಎಂದರೆ ಚಪ್ಪಲಿ. ಹವೀಜ ಎಂದರೆ ಕೊತ್ತಂಬರಿ ಕಾಳು. ಇಲ್ಲಿ ಕೊತ್ತಂಬರಿ ಎಂಬ ಹೆಸರು ಹಸಿ ಸೊಪ್ಪಿಗೆ ಮಾತ್ರ. ಬಂದ ಮೊದಲ ವಾರ ಶಿರಾಳಕೊಪ್ಪದ ಅಂಗಡಿಯಲ್ಲಿ “ಒಂದು ಪಾವು ಕೊತ್ತಂಬರಿ ದಯಪಾಲಿಸಿ” ಎಂದು ಕೇಳಿ ಇಡೀ ಅಂಗಡಿಯನ್ನು ನಗಿಸಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತ ನಮ್ಮಂಥವರಿಗೆ ಈ ಸೀಮೆಯಲ್ಲಿ ಆಗುವ ಮೊದಲ ಪೆಟ್ಟು ಅದು. ನನ್ನದು ಕನ್ನಡವೇ ಎಂದು ಇವರು ಒಪ್ಪಲು ಮೂರು ತಿಂಗಳು ಬೇಕಾಯಿತು.

ರಾಜ್ಯ ಒಂದಾದ ಮರುವರ್ಷ, ಜೂನ್ ತಿಂಗಳಲ್ಲಿ, ಶಿರಾಳಕೊಪ್ಪದ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಮದರಾಸಿನಲ್ಲಿ ಸಸ್ಯಶಾಸ್ತ್ರದ ಪದವಿ ಮಾಡಿದವನು ನಾನು. ಘಟ್ಟ ಹತ್ತಿದರೆ ಒಂದು ದಿನದ ದಾರಿ, ಆದರೆ ಮದರಾಸಿಗಿಂತ ಇದೇ ದೂರ ಎನ್ನಿಸಿತು. ಮದರಾಸಿನಲ್ಲಿ ಪರಕೀಯನೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ನಮ್ಮವನೇ ಎಂದು ಹತ್ತಿರ ಕರೆದು, ಬಾಯಿ ತೆರೆದೊಡನೆ ದೂರ ಇಡುತ್ತಿದ್ದರು. ಕುಚ್ಚಲಕ್ಕಿ ಗಂಜಿಯಿಲ್ಲ, ಜೋಳದ ರೊಟ್ಟಿ. ತೆಂಗಿನೆಣ್ಣೆಯಿಲ್ಲ, ಕುಸುಬಿ ಎಣ್ಣೆ. ಮೀನಿನ ವಾಸನೆ ಕನಸಿನಲ್ಲಿ ಬರುತ್ತಿತ್ತು. ಕೋಣೆ ಹುಡುಕಿಕೊಂಡು ಹೋದ ಕಡೆಯಲ್ಲೆಲ್ಲ “ಯಾವ ಜನ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಓರೆ ಮಾಡಿದರು. ಊರ ಹೊರಗಿನ ನೀಲಮ್ಮನವರೊಬ್ಬರು ಮಾತ್ರ “ನಾನೂ ಹೊರಗಿನಾಕೆನೇ” ಎಂದು ಬೀಗದಕೈ ಕೊಟ್ಟರು. ಅವರ ತವರು ಸೊರಬ ತಾಲ್ಲೂಕಿನ ಜಡೆ. ಗದ್ದೆಯ ನಾಡಿನಿಂದ ಎರೆ ಹೊಲದ ಮನೆಗೆ ಸೊಸೆಯಾಗಿ ಬಂದು, ಹವೀಜದ ಕೆಲಸವನ್ನು ಅತ್ತೆಯಿಂದ ಬೈಸಿಕೊಂಡು ಕಲಿತವರು. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು.

ಅವರು ಉಳುತ್ತಿದ್ದ ನಾಲ್ಕು ಎಕರೆ ಅವರದಲ್ಲ. ಊರ ವ್ಯಾಪಾರಿ ಮಲ್ಲೇಶಪ್ಪನವರ ಹೊಲವನ್ನು ಕೋರಿಗೆ, ಎಂದರೆ ಬೆಳೆಯಲ್ಲಿ ಅರ್ಧ ಕೊಡುವ ಕರಾರಿಗೆ, ಗಂಡನ ಕಾಲದಿಂದ ಮಾಡುತ್ತಿದ್ದರು. ವರ್ಷ ವರ್ಷ ಬಾಯಿಮಾತಿನಲ್ಲಿ ನಡೆಯುವ ನಮ್ಮ ಚಾಲಗೇಣಿಯಂತೆ ಇದಕ್ಕೂ ಕಾಗದವಿಲ್ಲ. ಇರುವುದೊಂದೇ ದಾಖಲೆ, ಪಹಣಿ. ನಮ್ಮಲ್ಲಿ ಅಡಂಗಲ್ ಎನ್ನುವಂಥದ್ದು. ವರ್ಷಕ್ಕೊಮ್ಮೆ ಶ್ಯಾನುಭೋಗರು ಹೊಲಕ್ಕೆ ಬಂದು, ಯಾರು ಏನು ಬೆಳೆದಿದ್ದಾರೆ ಎಂದು ಕಣ್ಣಿನಿಂದ ನೋಡಿ ಅದರಲ್ಲಿ ಬರೆಯುತ್ತಾರೆ. ಉಳುವವರಿಗೆ ಹಕ್ಕು ಬರುವ ಕಾನೂನಿನ ಸುದ್ದಿ ಆಗಲೇ ಹಬ್ಬಿತ್ತು. ಮಲ್ಲೇಶಪ್ಪ ಹೊಲ ಬಿಡಿಸಿಕೊಳ್ಳಲು ನೆಪ ಹುಡುಕುತ್ತಿದ್ದರು. “ಪೂರಾ ಬಿತ್ತಿದರೆ ಮಾಡ್ಕೋ. ಗಂಡಸಿಲ್ಲದ ಮನೆ, ಒಂದು ಮೂಲೆ ಬೀಳು ಬಿದ್ರೂ ವಾಪಸ್ ತಗೋತೀನಿ” ಎಂದು ಜಗುಲಿಯ ಮೇಲೆ ನಿಂತು ಹೇಳಿಹೋದದ್ದನ್ನು ನಾನೇ ಕೇಳಿದ್ದೆ. ಅಲ್ಲಿಯವರೆಗೆ ಗಂಡನ ಹೆಸರೇ ಇದ್ದ ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಆ ವರ್ಷ ಮೊದಲ ಸಲ ನೀಲಮ್ಮನ ಹೆಸರು ಬರಬೇಕಿತ್ತು.

ಇದನ್ನೆಲ್ಲ ತಿಳಿದೂ ನಾನು ಚಪ್ಪಲಿಯ ವಿಷಯಕ್ಕೆ ಬಾಯಿ ಹಾಕಿದೆ.

ಕೊತ್ತಂಬರಿ ಗಿಡವನ್ನು ನಾನು ಅಲ್ಲಿಯವರೆಗೆ ಹೊಲದಲ್ಲಿ ನೋಡಿರಲಿಲ್ಲ. ನಮ್ಮ ಕಡೆ ಅದು ಅಂಗಡಿಯ ಪೊಟ್ಟಣದಲ್ಲಿ ಹುಟ್ಟಿ ಮೀನಿನ ಸಾರಿನಲ್ಲಿ ಸಾಯುತ್ತದೆ. ಆದರೆ ಅದರ ಛತ್ರಿಯಂಥ ಹೂಗೊಂಚಲಿನ ಚಿತ್ರ ಬರೆದು ಅಂಕ ಗಳಿಸಿದವನು ನಾನು. ಗಜ್ಜರಿ, ಜೀರಿಗೆ, ಸೋಂಪು, ಓಮ, ಸಬ್ಬಸಿಗೆ ಎಲ್ಲ ಇದರ ಕುಟುಂಬವೇ ಎಂದು ನೀಲಮ್ಮನವರಿಗೆ ಹೇಳಿದೆ.

“ಹಂಗಾರೆ ಎಲ್ಲಾ ಒಂದೇ ಬೆಡಗು ಅನ್ರಿ. ಕೊಡೋ ತಗೊಳೋ ಹಂಗಿಲ್ಲ” ಎಂದು ನಕ್ಕರು. ಬೆಡಗು ಎಂದರೆ ಇವರಲ್ಲಿ ಗೋತ್ರವಿದ್ದಂತೆ. ಒಂದೇ ಬೆಡಗಿನಲ್ಲಿ ಮದುವೆಯಿಲ್ಲ.

ನಾನು ಬಿಡಲಿಲ್ಲ. ನಮಗೆ ಒಂದು ಕಾಳಾಗಿ ಕಾಣುವುದು ಅಂಟಿಕೊಂಡ ಎರಡು ಕಾಳು, ಅವು ನೆಲದಲ್ಲಿ ತಾವಾಗಿಯೇ ಬಿಡಿಯಾಗುತ್ತವೆ, ತಿಕ್ಕಿದರೆ ಮೊಳಕೆಯ ತುದಿ ಜಜ್ಜುತ್ತದೆ, ಮೊರದ ತಳದಲ್ಲಿ ಬಿದ್ದಿರುವ ಪುಡಿಯೇ ಸಾಕ್ಷಿ ಎಂದು ವಾದಿಸಿದೆ. ಅವರು ಒಪ್ಪಲಿಲ್ಲ. ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೆ. ಇಡೀ ಕಾಳು ಒಂದು ಒದ್ದೆ ಬಟ್ಟೆಯಲ್ಲಿ, ಒಡೆದದ್ದು ಇನ್ನೊಂದರಲ್ಲಿ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ. ಒಂಬತ್ತು ದಿನ ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಬಿಚ್ಚಿದಾಗ ಎರಡರಲ್ಲೂ ಮೊಳಕೆಯಿತ್ತು, ಕೆಂಪು ದಾರದ್ದರಲ್ಲಿ ತುಸು ಹೆಚ್ಚು. ಕೆಂಪು ದಾರ ಇಡೀ ಕಾಳಿನದು ಎಂದು ಸಾರಿದೆ.

ಅದು ನಿಜವೇ ಎಂಬುದೇ ಈಗ ನನಗೆ ಗೊತ್ತಿಲ್ಲ. ಯಾವ ದಾರ ಯಾವುದಕ್ಕೆಂದು ನಾನು ಎಲ್ಲಿಯೂ ಬರೆದಿಡಲಿಲ್ಲ. ಬರೆಯದ ಯಾವುದನ್ನೂ ನಂಬಬಾರದು ಎಂದು ಕಾಲೇಜಿನಲ್ಲಿ ಮೂರು ವರ್ಷ ಕಲಿತವನು, ಚಪ್ಪಲಿಯ ಮೇಲೆ ಗೆಲ್ಲುವ ಆತುರದಲ್ಲಿ, ನೆನಪನ್ನು ನಂಬಿದೆ. ಮೇಲಾಗಿ ನನ್ನ ಬಟ್ಟೆ ಸದಾ ಒದ್ದೆ, ಅವರ ಹೊಲ ದಿನದಿಂದ ದಿನಕ್ಕೆ ಒಣಗುವಂಥದ್ದು. ಸ್ವಾತಿ ಮಳೆಯ ಹಸಿಯೊಂದನ್ನೇ ನಂಬಿ ಬಿತ್ತುವ ಬೆಳೆಯಿದು. ಒಡೆದ ಕಾಳು ಬೇಗ ನೀರು ಕುಡಿದು ಎಂಟು ಹತ್ತು ದಿನಕ್ಕೆ ಮೇಲೆ ಬರುತ್ತದೆ. ಇಡೀ ಕಾಳು ಸಿಪ್ಪೆ ನೆನೆಯುವುದನ್ನು ಕಾಯುತ್ತ ಕೂತರೆ ಮೇಲ್ಮಣ್ಣಿನ ಹಸಿ ಅಷ್ಟರಲ್ಲಿ ಕೆಳಗಿಳಿದಿರುತ್ತದೆ. ಪುಸ್ತಕದಲ್ಲಿ ಇಲ್ಲದ ಈ ಲೆಕ್ಕಾಚಾರ ಆ ಚಪ್ಪಲಿಯಲ್ಲಿ ಇತ್ತು.

ನೀಲಮ್ಮನವರು ಕೊನೆಗೆ ಅರ್ಧ ಸೋತರು. ನನ್ನ ಓದಿನ ಮೇಲಿನ ಗೌರವವೋ, ಬೀಜ ಪುಡಿಯಾಗದೆ ಉಳಿಯುವ ಆಸೆಯೋ. “ಹಳ್ಳದ ಕಡೆ ಅರ್ಧ ನಮ್ಮತ್ತೆ ಮಾತು, ರಸ್ತೆ ಕಡೆ ಅರ್ಧ ನಿಮ್ಮ ಮಾತು” ಎಂದರು. ಜಡೆಯಿಂದ ಅವರ ತಮ್ಮ ಬಂದು ಕೂರಿಗೆ ಹೂಡಿದ. ಅದು ಸಾಲು ಹಿಡಿದು ಬಿತ್ತುವ ಮರದ ಸಾಧನ. ಎತ್ತು ಎಳೆಯುತ್ತಿದ್ದಂತೆ ಹಿಂದಿನಿಂದ ನೀಲಮ್ಮನವರು ಬಟ್ಟಲಿಗೆ ಕಾಳು ಬಿಡುತ್ತ ನಡೆದರು. ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿ, ಬೆಳಗಿನ ಪ್ರಾರ್ಥನೆಗೆ ತಡವಾಗಿ ಹೋದೆ. ತಮ್ಮ ಮರುದಿನವೇ ಭತ್ತದ ಕೊಯ್ಲಿಗೆ ಜಡೆಗೆ ಹೊರಟುಹೋದ.

ಹತ್ತನೆಯ ದಿನ ಹಳ್ಳದ ಕಡೆ ಹಸಿರು ಗೆರೆ ಎದ್ದಿತು. ರಸ್ತೆಯ ಕಡೆ ಮಣ್ಣು. ಹದಿನೈದನೆಯ ದಿನವೂ ಮಣ್ಣು. ದಾರಿ ಬದಲಿಸಿ ಶಾಲೆಗೆ ಹೋಗತೊಡಗಿದೆ. ಮನೆಯಲ್ಲಿ ಅವರು ರೊಟ್ಟಿ ಬಡಿಯುವ ಸದ್ದು ಜೋರಾದಂತೆ ನನಗೆ ಕೇಳುತ್ತಿತ್ತು. ತಿಂಗಳಾಗುವಷ್ಟರಲ್ಲಿ ಹಳ್ಳದ ಕಡೆಯದು ಗೇಣುದ್ದ ಬೆಳೆದು ಕಳೆ ಕೀಳಿಸಿಕೊಂಡಿತ್ತು. ನನ್ನ ಕಡೆ ಅಲ್ಲೊಂದು ಇಲ್ಲೊಂದು. ಅದೇ ವಾರ ಊರಿನ ತಳವಾರ ಬಂದು ಡಂಗುರ ಹೊಡೆದ: ಭಾನುವಾರ ಶ್ಯಾನುಭೋಗರು ಹೊಲ ನೋಡಲು ಬರುತ್ತಾರೆ.

ಬಂದರು. ಜೊತೆಗೆ ಕೊಡೆ ಹಿಡಿದು ಮಲ್ಲೇಶಪ್ಪ. ಶ್ಯಾನುಭೋಗರು ಹಳ್ಳದ ಕಡೆ ನೋಡಿ ತಲೆಯಾಡಿಸಿದರು. ರಸ್ತೆಯ ಕಡೆ ನೋಡಿ ಪುಸ್ತಕ ಮುಚ್ಚಿದರು.

“ಇದೇನಮ್ಮ, ಎರಡೆಕರೆ ಬೀಳು?”

“ಬೀಳಲ್ಲ ಬುದ್ಧಿ, ಬಿತ್ತೀನಿ. ಎದ್ದಿಲ್ಲ.”

“ನೋಡಿದ್ರಾ? ಬಿತ್ತೀನಿ ಅಂತಾಳೆ. ನಾನು ಮೊದಲೇ ಹೇಳಿದ್ದೆ” ಎಂದರು ಮಲ್ಲೇಶಪ್ಪ.

ನಾನು ಕೂತು ಸಾಲಿನ ಗುಂಟ ಬೆರಳಿನಿಂದ ಮಣ್ಣು ಕೆದಕಿದೆ. ಮೊದಲ ಹಿಡಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿಯೂ ಇಲ್ಲ. ಮೂರು ಜನರ ನೆರಳು ನನ್ನ ಕೈಯ ಮೇಲೆ ಬಿದ್ದಿತ್ತು. ಮೂರನೆಯ ಸಲ ನಾಲ್ಕು ಕಾಳು ಸಿಕ್ಕವು. ಅಂಗೈಯಲ್ಲಿಟ್ಟು ಶ್ಯಾನುಭೋಗರಿಗೆ ತೋರಿಸಿದೆ, ಗೆದ್ದೆ ಅಂದುಕೊಂಡೆ.

ಮಲ್ಲೇಶಪ್ಪ ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದರು. “ಇದು ಇಡೀ ಕಾಳು! ಸ್ವಾಮಿ, ನಮ್ಮ ಸೀಮೇಲಿ ಹವೀಜ ಒಡೀದೆ ಬಿತ್ತೋರು ಯಾರಿದಾರ್ರೀ? ಇದು ಸಾರಿನ ಡಬ್ಬಿಯಿಂದ ತಂದು ನಿನ್ನೆ ಚೆಲ್ಲಿದ್ದು. ನಿಮಗೆ ತೋರ್ಸೋಕೆ.”

ಶ್ಯಾನುಭೋಗರ ಮುಖ ಗಟ್ಟಿಯಾಯಿತು. ಅದು ಅವರಿಗೂ ಸರಿಯೆನ್ನಿಸಿತು. ಆ ಸೀಮೆಯ ಯಾರಿಗಾದರೂ ಸರಿಯೆನ್ನಿಸುವ ಮಾತು. ಒಡೆಯದ ಹವೀಜ ಬಿತ್ತುವ ತಪ್ಪನ್ನು ಅಲ್ಲಿ ಮಕ್ಕಳೂ ಮಾಡುವುದಿಲ್ಲ.

“ಯಾರು ಹೇಳಿದ್ರಮ್ಮ ಹಿಂಗೆ ಬಿತ್ತು ಅಂತ?”

ನೀಲಮ್ಮನವರು ನನ್ನ ಕಡೆ ನೋಡಲಿಲ್ಲ. ಅದೇ ನನ್ನನ್ನು ಚುಚ್ಚಿತು.

“ನಾನು ಹೇಳಿದೆ” ಎಂದೆ.

“ಓಹೋ, ಬಿ.ಎಸ್ಸಿ. ಬೇಸಾಯ!” ಮಲ್ಲೇಶಪ್ಪ ನಕ್ಕರು. “ಮೇಷ್ಟ್ರು ಬಾಡಿಗೆ ಮನೆಯವರು ಸ್ವಾಮಿ. ಅನ್ನದ ಋಣ, ಹೇಳ್ತಾರೆ.”

ಶ್ಯಾನುಭೋಗರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. “ಮೇಷ್ಟ್ರೆ, ನೀವು ಓದಿದೋರು, ಅದಕ್ಕೆ ಕೇಳ್ತೀನಿ. ಆ ಅರ್ಧದ ಜೊತೆಗೇ ಇದನ್ನೂ ಬಿತ್ತಿದ್ದನ್ನ ಕಣ್ಣಾರೆ ಕಂಡ್ರಾ? ಕಂಡಿದ್ರೆ ಯಾವ ವಾರ? ವಾರ ಹೇಳಿದ್ರೆ ಬರ್ಕೋತೀನಿ. ಅಂದಾಜಿನ ಮಾತು ಬೇಡ.”

ತರಗತಿಯಲ್ಲಿ ದಿನವೂ ನಾನು ಹೇಳುವ ಮಾತು ಅದು. ಕಂಡದ್ದಂತೂ ನಿಜ: ಎತ್ತು, ಕೂರಿಗೆ, ನೀಲಮ್ಮನವರ ಬಟ್ಟಲಿನ ಕೈ. ಪ್ರಾರ್ಥನೆಗೆ ತಡವಾದದ್ದೂ ನಿಜ. ಆದರೆ ವಾರ? ನಾನು ಹೆಚ್ಚಾಗಿ ತಡ ಮಾಡುವುದು ಸೋಮವಾರ. ಹಾಗಾದರೆ ಸೋಮವಾರವೇ ಇರಬೇಕು. ಇದು ನೆನಪಲ್ಲ, ಊಹೆ ಎಂದು ಆ ಕ್ಷಣದಲ್ಲಿಯೂ ಗೊತ್ತಿತ್ತು. “ಖಚಿತವಿಲ್ಲ” ಎಂದರೆ ಪುಸ್ತಕ ಮುಚ್ಚಿಯೇ ಹೋಗುತ್ತಿತ್ತು.

“ಸೋಮವಾರ” ಎಂದೆ, ಗಟ್ಟಿಯಾಗಿ.

ಮಲ್ಲೇಶಪ್ಪ ಕೊಡೆ ಮಡಿಸಿ ತೊಡೆಗೆ ಬಡಿದುಕೊಂಡು ನಕ್ಕರು. “ಸೋಮವಾರ! ಕೇಳಿದ್ರಾ ಸ್ವಾಮಿ? ಲಿಂಗವಂತರ ಮನೇಲಿ ಸೋಮವಾರ ಎತ್ತು ಹೂಡಿದ್ರಂತೆ! ಸುಳ್ಳು ಹೇಳೋದನ್ನಾದ್ರೂ ಕಲ್ತು ಬರಬಾರ್ದೇನ್ರೀ ಮೇಷ್ಟ್ರೆ?”

ಓದುಗರೇ, ನಮ್ಮ ಕಡೆ ಗದ್ದೆಗೆ ವಾರವಿಲ್ಲ. ಇಲ್ಲಿ ಸೋಮವಾರ ಬಸವಣ್ಣನದು. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆರು ತಿಂಗಳು ಅದೇ ಮನೆಯಲ್ಲಿ ಉಂಡು ಮಲಗಿದ್ದೆ. ವಾರಕ್ಕೊಂದು ದಿನ ಎತ್ತುಗಳು ಅಂಗಳದಲ್ಲಿಯೇ ನಿಂತು ಮೆಲುಕು ಹಾಕುವಾಗ ಪಕ್ಕದಲ್ಲೇ ದಾಟಿ ಹೋಗಿದ್ದೆ. ನೋಡಿರಲಿಲ್ಲ. ಈಗ ನನ್ನ ಒಂದು ಮಾತಿನಿಂದ ಆ ಹೆಂಗಸಿನ ಹೊಲ ಹೋಗಿತ್ತು. ತಿದ್ದಲು ಬಾಯಿ ತೆರೆದೆ. ತಿದ್ದಿದರೆ ಇನ್ನೂ ಸುಳ್ಳಾಗುತ್ತದೆ ಎಂದು ತಿಳಿದು ಮುಚ್ಚಿದೆ.

ನೀಲಮ್ಮನವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ಹೆಜ್ಜೆ ಮುಂದೆ ಬಂದರು.

“ಸೋಮವಾರನೇ ಬುದ್ಧಿ. ಹಸಿ ಆರಿಹೋಗ್ತಿತ್ತು. ತಮ್ಮ ಬ್ಯಾಡ ಅಂದ. ನಾನೇ ಹೂಡ್ಸಿದೆ. ತಪ್ಪು ನಂದು, ಬಸವಣ್ಣಂಗೆ ನಾನು ಹೇಳ್ಕೋತೀನಿ.”

ಮಲ್ಲೇಶಪ್ಪನವರ ನಗು ನಿಂತಿತು. ಶ್ಯಾನುಭೋಗರು ನೀಲಮ್ಮನವರನ್ನು ನೋಡಿ ಪುಸ್ತಕ ಬಿಚ್ಚಿದರು.

“ಊರ ಮುಂದೆ ಈ ಮಾತನ್ನ ಸುಳ್ಳಿಗೆ ಯಾರೂ ಒಪ್ಕಳಲ್ಲ ಮಲ್ಲೇಶಪ್ಪ. ಹವೀಜ, ನಾಲ್ಕು ಎಕರೆ. ಸಾಗುವಳಿ, ನೀಲಮ್ಮ.” ಆಮೇಲೆ ನನ್ನ ಹೇಳಿಕೆ ಬರೆದುಕೊಂಡು ರುಜು ಕೇಳಿದರು. ಹೆಸರಿನ ಪಕ್ಕದಲ್ಲಿ ‘ಸಾಕಿನ್’ ಎಂದು ಬರೆದು ಪೆನ್ನು ತಡೆದರು. ವಾಸದ ಊರು ಎಂದು ಅದರ ಅರ್ಥ. “ಯಾವೂರು ಹಾಕ್ಲಿ?”

“ಶಿರಾಳಕೊಪ್ಪ” ಎಂದೆ. ಮೊದಲ ಸಲ ಹಾಗೆ ಹೇಳಿದ್ದು.

ಹೊಲ ಉಳಿಯಿತು. ಊರ ಬಾಯಲ್ಲಿ ಆ ಮಾತೂ ಉಳಿಯಿತು. ಬಾವಿಕಟ್ಟೆಯಲ್ಲಿ ನೀಲಮ್ಮನವರು ಬಂದರೆ “ಇವತ್ತು ಯಾವ ವಾರ ಕಣೆ?” ಎಂದು ಒಬ್ಬಳು ಕೇಳುವುದು, “ನೀಲಮ್ಮನ್ನ ಕೇಳು” ಎಂದು ಇನ್ನೊಬ್ಬಳು ಹೇಳುವುದು. ಕೆಲಸ ಹೆಚ್ಚಿದಾಗ ಪಕ್ಕದ ಹೊಲದವರು ತಮ್ಮ ಎತ್ತು ಕೊಡುತ್ತಿದ್ದುದನ್ನು ನಿಲ್ಲಿಸಿದರು. ತಪ್ಪು ಕಳೆಯಲು ಅವರು ಐದು ಸೋಮವಾರ ಉಪವಾಸ ಮಾಡಿದರು. ಎತ್ತುಗಳ ಮೈತೊಳೆದು, ಹೆಗಲಿಗೆ ಎಣ್ಣೆ ಸವರಿ, ಕಾಲಿಗೆ ಬೀಳುತ್ತಿದ್ದರು. ಆ ದಿನಗಳಲ್ಲಿ ನಾನು ಹೋಟೆಲಿಗೆ ಹೋಗಿ ಅವಲಕ್ಕಿ ಮುಂದಿಟ್ಟುಕೊಂಡು ಕೂತಿರುತ್ತಿದ್ದೆ. ನಿಜಕ್ಕೂ ಸೋಮವಾರವೇ ಹೂಡಿದ್ದರೇ? ನನ್ನ ಪರೀಕ್ಷೆಯ ಒಂಬತ್ತು ದಿನ ಹಾಳಾಗಿ ಹಸಿ ಆರುತ್ತಿತ್ತು, ಆದ್ದರಿಂದ ಹೂಡಿರಬಹುದು. ಕೇಳುವ ಧೈರ್ಯ ಬರಲಿಲ್ಲ.

ಸಂಕ್ರಾಂತಿಯ ಆಚೆಗೆ ಹಳ್ಳದ ಕಡೆ ಬೆಳ್ಳಗೆ ಹೂ ಬಂತು. ನಾನು ಬರೆದ ಚಿತ್ರದಲ್ಲಿ ಇಲ್ಲದ್ದೊಂದು ಅಲ್ಲಿತ್ತು: ಗೊಂಚಲಿನ ಅಂಚಿನ ಹೂಗಳ ಹೊರ ಎಸಳು ದೊಡ್ಡದು, ಒಳಗಿನದು ಚಿಕ್ಕದು, ಇಡೀ ಗೊಂಚಲು ಒಂದೇ ಹೂವಿನಂತೆ ಜೇನನ್ನು ಕರೆಯುತ್ತದೆ. ಮೋಡ ಕವಿದ ದಿನ ಗಿಡಕ್ಕೆ ಹೇನು ಬೀಳಬಹುದೆಂದು, ಇಬ್ಬನಿ ಆರುವ ಮೊದಲೇ ಇಬ್ಬರೂ ಒಲೆಯ ಬೂದಿ ಎರಚಿದೆವು. ರಸ್ತೆಯ ಕಡೆಯ ಗಿಡಗಳು ಎಣಿಸುವಷ್ಟು, ಆದರೂ ಹೂ ಬಿಟ್ಟವು. ಹಸಿ ಕಾಯಿ ತಿಗಣೆಯ ವಾಸನೆ ಹೊಡೆಯುತ್ತದೆ. ಒಣಗುತ್ತಾ ಬಂದಂತೆ ನಮ್ಮ ಅಡಿಗೆಮನೆಯ ಪರಿಮಳ. ಬಿಸಿಲಿಗೆ ಉದುರದಂತೆ ತಂಪು ಹೊತ್ತಿನಲ್ಲಿ ಗಿಡ ಕಿತ್ತು ರಾಶಿ ಹಾಕಿದಾಗ ಆ ಪರಿಮಳಕ್ಕೆ ನನಗೆ ಊರು ನೆನಪಾಯಿತು.

ಜೂನ್‌ನಲ್ಲಿ ನನಗೆ ಸೊರಬಕ್ಕೆ ವರ್ಗವಾಯಿತು. ಅಲ್ಲಿ ಭತ್ತ, ಮಳೆ, ನಮ್ಮ ಕಡೆಗೆ ಹತ್ತಿರದ ಮಾತು. ಶಿರಾಳಕೊಪ್ಪದಲ್ಲಿ ಕಲಿತ ‘ಹವೀಜ’ ಎನ್ನುವ ಮಾತಿಗೆ ಅಲ್ಲಿನ ಸಹೋದ್ಯೋಗಿಗಳು “ನೀವು ಬಯಲು ಕಡೆಯೋರಾ?” ಎಂದು ಕೇಳಿದರು. ಆಷಾಢದಲ್ಲಿ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನೀಲಮ್ಮನವರು ಕಂಡರು. ಜಡೆಯ ಬಸ್ಸಿಗೆ ಕಾಯುತ್ತಿದ್ದರು. ಹೊಲ ಅವರ ಬಳಿಯೇ ಇದೆಯೆಂದರು. ತಡೆಯಲಾರದೆ ಕೇಳಿಯೇಬಿಟ್ಟೆ.

“ಆವತ್ತು ಸೋಮವಾರವೇ ಆಗಿತ್ತೆ?”

“ಮಂಗಳವಾರ ರೀ.”

“ಮತ್ತೆ ಯಾಕೆ...”

“ಸೋಮವಾರ ಅಂತ ನೀವು ಅಂದಾಗಿತ್ತು. ನಾನು ಹಂಗಲ್ಲ ಅಂದಿದ್ರೆ ಮೇಷ್ಟ್ರು ಸುಳ್ಳು, ಬೀಜ ಸುಳ್ಳು, ಬಿತ್ತಿದ್ದೂ ಸುಳ್ಳು.”

“ಮಾಡದ ತಪ್ಪಿಗೆ ಐದು ಸೋಮವಾರ ಉಪವಾಸ ಇದ್ದಿರಲ್ಲ?”

“ಬಸವಣ್ಣನ ಹತ್ರ ಅಡ್ವಾನ್ಸು ಇರ್ಲಿ ಬಿಡ್ರಿ. ಮುಂದೆ ಹಸಿ ಆರೋ ವರ್ಷ ನಿಜವಾಗ್ಲೂ ಒಂದು ಸೋಮವಾರ ಹೂಡ್ತೀನಿ.” ಬಸ್ಸು ಬಂತು. ಹತ್ತುತ್ತ ತಿರುಗಿ, “ನೀವು ಮಾತ್ರ ಯಾರಿಗೂ ವಾರ ಹೇಳೋಕೆ ಹೋಗಬ್ಯಾಡ್ರಿ ಮೇಷ್ಟ್ರೆ” ಎಂದರು.

ದೀಪಾವಳಿ ರಜೆಗೆ ಊರಿಗೆ ಬಂದಿದ್ದೆ. ಸುಗ್ಗಿ ಬೆಳೆಗೆ ಗದ್ದೆ ಉಳುವ ಸಮಯ. ಬೆಳಿಗ್ಗೆ ಅಣ್ಣ ಕೋಣಗಳನ್ನು ಹೊಡೆದುಕೊಂಡು ಹೊರಟವನು ನೊಗ ಹಿಡಿಯಲು ಕರೆದ. ನಾನು ಬದುವಿನ ಮೇಲೆಯೇ ನಿಂತೆ.

“ಏನು, ಸಾಹೇಬರ ಕೈಗೆ ಕೆಸರಾಗುತ್ತದೆಯೋ?” ಎಂದ ತುಳುವಿನಲ್ಲಿ.

“ಇವತ್ತು ಸೋಮವಾರ.”

“ಆದರೇನು?”

ಬಸವಣ್ಣನನ್ನು ನಂಬುವವನಲ್ಲ ನಾನು. ಇವು ಎತ್ತೂ ಅಲ್ಲ, ಕೋಣ.

“ನಮ್ಮಲ್ಲಿ ಯಾವಾಗಿನಿಂದ ಬಂತು ಈ ಸೋಮವಾರ?” ಅಣ್ಣ ಮುಖ ನೋಡಿ ಕೇಳಿದ. ‘ನಮ್ಮಲ್ಲಿ’ ಎಂದಾಗ ಯಾವ ಊರಿನ ಬಗ್ಗೆ ಕೇಳುತ್ತಿದ್ದಾನೆಂದು ಅರೆಕ್ಷಣ ನನಗೆ ತಿಳಿಯಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದೆ ಎಂದು ಸುಳ್ಳು ಹೇಳಿ ಮನೆಗೆ ನಡೆದೆ. ಅವನು ಒಬ್ಬನೇ ಹೂಡಿಕೊಂಡ.

ಮರುದಿನ, ಮಂಗಳವಾರ, ಅಣ್ಣ ಗದ್ದೆಗೆ ಬರುವಷ್ಟರಲ್ಲಿ ನಾನು ಕೋಣಗಳನ್ನು ಹೂಡಿ ಮೂರು ಸುತ್ತು ಉತ್ತಿದ್ದೆ.